ಐದು ನಿಮಿಷದ ಹಿಂದಿನದು ನೆನಪಿಲ್ಲದ ಅಮ್ಮ ಹೊಸ ಒಲೆಯನ್ನು ಬಳಸಲು ಕಲಿತದ್ದು ಹೇಗೆ?

ಪ್ರಶ್ನೆ: ಶಿರಸಿ ಸೀಮೆಯ ಮಗಳು

ಮಾನ್ಯರೆ,

ನನ್ನ ತಾಯಿಗೆ ಅರವತ್ತು ದಾಟಿದೆ. ಕಳೆದ ವರ್ಷ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಿಂದ ಎನ್ಸೆಫಲೈಟಿಸ್, ಅಂದರೆ ಮೆದುಳಿನ ಉರಿಯೂತ ಬಂದು, ಕೆಲವು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಮೆದುಳಿನ ಎರಡೂ ಬದಿಯ ಟೆಂಪೊರಲ್ ಹಾಲೆಗಳ ಒಳಭಾಗಕ್ಕೆ ಹಾನಿಯಾಗಿದೆ ಎಂದು ಎಂ.ಆರ್.ಐ. ವರದಿಯಲ್ಲಿದೆ. ಅವರ ಮಾತು, ನಡಿಗೆ, ಹಾಸ್ಯ ಯಾವುದಕ್ಕೂ ಕುಂದಿಲ್ಲ. ಹೊಸಬರು ಯಾರಾದರೂ ಹತ್ತು ನಿಮಿಷ ಮಾತನಾಡಿಸಿದರೆ ಇವರಿಗೆ ಏನೂ ಆಗಿಲ್ಲ ಎಂದೇ ಭಾವಿಸುತ್ತಾರೆ. ಆದರೆ ಈಗಷ್ಟೇ ಯಾರು ಬಂದು ಹೋದರು, ಊಟವಾಯಿತೇ ಇಲ್ಲವೇ ಎಂಬುದು ಅವರಲ್ಲಿ ಉಳಿಯುವುದಿಲ್ಲ.

ನನ್ನ ಗೊಂದಲವಿರುವುದು ಇದರಾಚೆಗೆ. ಅಡಿಕೆ ಸುಲಿಯಲು ಮೆಟ್ಟುಕತ್ತಿಯ ಮುಂದೆ ಕುಳಿತರೆ ಅವರ ಕೈಗೆ ಮೊದಲಿನ ವೇಗವೇ ಇದೆ. ಅದು ಐವತ್ತು ವರ್ಷದ ಅಭ್ಯಾಸ, ಆದ್ದರಿಂದ ಉಳಿದಿದೆ ಎಂದುಕೊಳ್ಳಬಹುದು. ಆದರೆ ಕಾಯಿಲೆಯ ನಂತರ ನಾವು ತಂದ ಇಂಡಕ್ಷನ್ ಒಲೆಯ ವಿಷಯವನ್ನು ಹಾಗೆ ತಳ್ಳಿಹಾಕಲಾರೆ. ಅತ್ತಿಗೆ ದಿನವೂ ಬೆಳಿಗ್ಗೆ ಅಮ್ಮನ ಪಕ್ಕದಲ್ಲಿ ನಿಂತು, ಅವರ ಬೆರಳನ್ನು ತಾನೇ ಹಿಡಿದು, ಮೊದಲು ಬಲಗಡೆಯ ಗುಂಡಿ, ಆಮೇಲೆ ಹಾಲಿನ ಪಾತ್ರೆಯ ಚಿತ್ರವಿರುವ ಗುಂಡಿ ಎಂದು ಒತ್ತಿಸುತ್ತಿದ್ದರು. ಈಗ ಅಮ್ಮ ಆ ಒಲೆಯ ಮುಂದೆ ನಿಂತು, "ಇದು ಯಾವಾಗ ತಂದದ್ದು? ಯಂಗೆ ಇದೆಲ್ಲ ಬತ್ತಿಲ್ಲೆ" ಎನ್ನುತ್ತಲೇ ಇರುತ್ತಾರೆ, ಬೆರಳು ಮಾತ್ರ ಸರಿಯಾದ ಗುಂಡಿಗೇ ಹೋಗುತ್ತದೆ. ಹಾಲು ಉಕ್ಕುವ ಮೊದಲು ಆರಿಸಿಯೂ ಬಿಡುತ್ತಾರೆ.

ಬಚ್ಚಲಿನ ವಿಷಯದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಹಿತ್ತಿಲ ಕಡೆಯ ಹಳೆಯ ಬಚ್ಚಲನ್ನು ಕೆಡವಿ ಜಗುಲಿಯ ಪಕ್ಕದಲ್ಲಿ ಹೊಸದನ್ನು ಕಟ್ಟಿಸಿದೆವು. ಅವರಿಗೆ ಅಭ್ಯಾಸವಾಗಲಿ ಎಂದು ನಾವೆಲ್ಲರೂ ದಿನಕ್ಕೆ ಹತ್ತಾರು ಸಲ "ಬಚ್ಚಲು ಎಲ್ಲಿದೆ ಹೇಳು ನೋಡೋಣ" ಎಂದು ಕೇಳುತ್ತೇವೆ. ಅವರು ಹಿತ್ತಿಲ ಕಡೆ ಕೈ ತೋರಿಸುತ್ತಾರೆ. ತಿದ್ದುತ್ತೇವೆ, ತಲೆಯಾಡಿಸುತ್ತಾರೆ. ಮರುದಿನ ಹಿತ್ತಿಲ ಕಡೆ ಇನ್ನಷ್ಟು ಖಚಿತವಾಗಿ ಕೈ ತೋರಿಸುತ್ತಾರೆ.

ಒಲೆಯನ್ನು ಕಲಿತ ಮೆದುಳು ಬಚ್ಚಲನ್ನು ಏಕೆ ಕಲಿಯುತ್ತಿಲ್ಲ? ಮನೆಗೆ ಬರುವ ನೆಂಟರೆಲ್ಲ ಬಾಗಿಲಲ್ಲೇ ನಿಂತು "ನಾನು ಯಾರು, ಗುರುತು ಸಿಕ್ಕಿತೇ?" ಎಂದು ಪರೀಕ್ಷೆ ಮಾಡುತ್ತಾರೆ, ಹಾಗೆ ಕೇಳುತ್ತಿದ್ದರೆ ಮೆದುಳಿಗೆ ವ್ಯಾಯಾಮವಾಗುತ್ತದೆ ಎನ್ನುವವರೂ ಇದ್ದಾರೆ. ಇದು ನಿಜವೇ? ನೆನಪಿನ ಶಕ್ತಿಯ ಟಾನಿಕ್‌ಗಳಿಂದ ಏನಾದರೂ ಪ್ರಯೋಜನವಿದೆಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಮನೋವಿಜ್ಞಾನ ಉಪನ್ಯಾಸಕಿ, ಧಾರವಾಡ

ನೀವು ಒಲೆಯ ಮುಂದೆ ಕಂಡದ್ದನ್ನು ವಿಜ್ಞಾನಿಗಳು ಮೊದಲು ಸ್ಪಷ್ಟವಾಗಿ ಅಳೆದು ನೋಡಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹೆನ್ರಿ ಮೊಲೈಸನ್ ಎಂಬವರಲ್ಲಿ. ಬದುಕಿರುವ ತನಕ ಅವರ ಹೆಸರನ್ನು ಗುಟ್ಟಾಗಿಟ್ಟಿದ್ದರಿಂದ ಪಠ್ಯಪುಸ್ತಕಗಳಲ್ಲೆಲ್ಲ ಅವರು ಎಚ್.ಎಂ. ಎಂದೇ ಪರಿಚಿತರು. ಔಷಧಕ್ಕೆ ಬಗ್ಗದ ಅಪಸ್ಮಾರವನ್ನು ತಡೆಯಲೆಂದು 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರಚಿಕಿತ್ಸಕರು ಎರಡೂ ಬದಿಯ ಟೆಂಪೊರಲ್ ಹಾಲೆಗಳ ಒಳಭಾಗವನ್ನು, ಅದರೊಂದಿಗೆ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನು ತೆಗೆದುಹಾಕಿದರು. ನಿಮ್ಮ ತಾಯಿಯವರ ವರದಿಯಲ್ಲಿ ಹೇಳಿರುವುದು ಹೆಚ್ಚುಕಡಿಮೆ ಅದೇ ಜಾಗ. ಹರ್ಪಿಸ್ ವೈರಸ್ಸು ಮೆದುಳಿಗೆ ಹೊಕ್ಕಾಗ ವಿಶೇಷವಾಗಿ ದಾಳಿ ಮಾಡುವುದು ಆ ಭಾಗದ ಮೇಲೆಯೇ. ಹೆನ್ರಿಯವರ ಅಪಸ್ಮಾರ ಬಹಳಷ್ಟು ತಗ್ಗಿತು, ಬುದ್ಧಿಶಕ್ತಿಗೆ ಕುಂದು ಬರಲಿಲ್ಲ, ಬಾಲ್ಯದ ನೆನಪುಗಳೂ ಉಳಿದವು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವ ತನಕ, ನಡೆದ ಘಟನೆಗಳನ್ನು ಅವರು ಮನಸ್ಸಿನಲ್ಲಿ ಇರಿಸಿಕೊಳ್ಳಲಾಗಲಿಲ್ಲ.

ಮಾಂಟ್ರಿಯಲ್‌ನ ಬ್ರೆಂಡಾ ಮಿಲ್ನರ್ ಅವರು ಹೆನ್ರಿಗೆ ಒಂದು ವಿಚಿತ್ರವಾದ ಕೆಲಸ ಕೊಟ್ಟರು. ಕಾಗದದ ಮೇಲೆ ಜೋಡಿ ಗೆರೆಗಳಲ್ಲಿ ಬರೆದ ನಕ್ಷತ್ರವಿದೆ. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕಾಗದವನ್ನೂ ಕೈಯನ್ನೂ ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡಬೇಕು. ಯಾರಿಗೇ ಆದರೂ ಮೊದಲ ಸಲ ಪೆನ್ಸಿಲ್ ಅಡ್ಡಾದಿಡ್ಡಿ ಹೋಗುತ್ತದೆ. ಹೆನ್ರಿಯವರದೂ ಹೋಯಿತು. ಮೂರು ದಿನಗಳ ಅಭ್ಯಾಸದಲ್ಲಿ ಅವರ ತಪ್ಪುಗಳು ಎಲ್ಲರಂತೆಯೇ ಇಳಿದವು, ಮೂರನೆಯ ದಿನ ಕೈ ಸಲೀಸಾಗಿ ಓಡಿತು. ಆದರೆ ಪ್ರತಿದಿನವೂ ಆ ಕೆಲಸವನ್ನು ಈ ಮುಂಚೆ ಎಂದೂ ಮಾಡಿಲ್ಲ ಎಂದೇ ಅವರು ಹೇಳುತ್ತಿದ್ದರು. ನಿಮ್ಮ ಅಮ್ಮನವರ "ಬತ್ತಿಲ್ಲೆ" ಎಂಬ ಮಾತೂ ಸರಿಯಾದ ಗುಂಡಿಗೆ ಹೋಗುವ ಬೆರಳೂ ಅದೇ ಜಾತಿಯವು.

ಕಲಿತಿರುವುದು ಬೇರೆ, ಕಲಿತೆ ಎಂಬುದು ನೆನಪಿರುವುದು ಬೇರೆ. ಮೆದುಳಿನಲ್ಲಿ ಇವೆರಡಕ್ಕೂ ಬೇರೆಬೇರೆ ವ್ಯವಸ್ಥೆಗಳಿವೆ. ಇಂದು ಬೆಳಿಗ್ಗೆ ಯಾರು, ಎಲ್ಲಿ, ಏನು ಎಂಬ ಬಿಡಿಬಿಡಿ ಸಂಗತಿಗಳನ್ನು ಒಂದೇ ಸಲಕ್ಕೆ ಹೆಣೆದು ಒಂದು ಘಟನೆಯಾಗಿ ಉಳಿಸಿಕೊಳ್ಳಲು ಹಿಪೊಕ್ಯಾಂಪಸ್ ಬೇಕೇ ಬೇಕು. ಕೈಯ ರೂಢಿ, ಒಂದರ ನಂತರ ಒಂದು ಬರುವ ಚಲನೆಗಳ ಸರಣಿ, ಇವು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪನ್ನು ಮತ್ತು ಕಿರುಮೆದುಳನ್ನು ಆಶ್ರಯಿಸಿವೆ. ಅವು ನಿಧಾನವಾಗಿ, ಪುನರಾವರ್ತನೆಯಿಂದಲೇ ಕಲಿಯುತ್ತವೆ, ಯಾವಾಗ ಕಲಿತೆವು ಎಂಬ ಲೆಕ್ಕ ಇಡುವುದಿಲ್ಲ. ಇದು ಬರೀ ಊಹೆಯಲ್ಲ ಎಂಬುದನ್ನು ನೋಲ್ಟನ್, ಮ್ಯಾಂಗಲ್ಸ್ ಮತ್ತು ಸ್ಕ್ವೈರ್ ಎಂಬ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಆಕೃತಿಗಳಿರುವ ಕಾರ್ಡುಗಳನ್ನು ನೋಡಿ ಮಳೆಯೋ ಬಿಸಿಲೋ ಊಹಿಸುವ ಆಟ ಅದು; ಯಾವ ಕಾರ್ಡೂ ಖಚಿತವಾದ ಸುಳಿವಲ್ಲ, ಆಡುತ್ತಾ ಆಡುತ್ತಾ ಅಂದಾಜು ಬರಬೇಕು. ನಿಮ್ಮ ತಾಯಿಯವರಂತೆ ಮರೆವಿರುವವರು ಮೊದಲ ಸುತ್ತುಗಳಲ್ಲಿ ಆರೋಗ್ಯವಂತರಷ್ಟೇ ಚೆನ್ನಾಗಿ ಕಲಿತರು, ಆದರೆ ಆಟದ ವಿವರ ಕೇಳಿದರೆ ಹೇಳಲಾರದೆ ಹೋದರು. ಬೇಸಲ್ ಗ್ಯಾಂಗ್ಲಿಯಾ ಕೆಡುವ ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಇದು ತಿರುವುಮುರುವಾಗಿತ್ತು: ಆಟದ ವಿವರವೆಲ್ಲ ನೆನಪಿದೆ, ಆಟ ಮಾತ್ರ ಕೈಗೆ ಹತ್ತುವುದಿಲ್ಲ.

ಅತ್ತಿಗೆಯವರು ಬೆರಳು ಹಿಡಿದು ಒತ್ತಿಸಿದರಲ್ಲ, ಅದು ನೇರವಾಗಿ ಉಳಿದಿರುವ ವ್ಯವಸ್ಥೆಗೇ ತಲುಪಿತು. ಬಚ್ಚಲಿನ ವಿಷಯದಲ್ಲಿ ನೀವೆಲ್ಲ ಕೇಳುತ್ತಿರುವುದು ಹಾನಿಗೊಂಡ ವ್ಯವಸ್ಥೆಯನ್ನು: "ನಿನ್ನೆ ಹೇಳಿದ್ದೆವಲ್ಲ, ಅದನ್ನು ನೆನಪಿಸಿಕೊಂಡು ಹೇಳು" ಎಂದು. ವ್ಯತ್ಯಾಸವಿರುವುದು ಒಲೆಗೂ ಬಚ್ಚಲಿಗೂ ನಡುವೆ ಅಲ್ಲ, ನೀವು ಕಲಿಸಿದ ರೀತಿಯಲ್ಲಿ.

ಉತ್ತರ: ನಿವೃತ್ತ ಶಿಕ್ಷಕ, ಹಾವೇರಿ

ಮೇಡಂ ಅವರ ವಿವರಣೆಯನ್ನು ಒಪ್ಪಿದರೂ ಒಂದು ಸಂದೇಹವನ್ನು ಮುಂದಿಡಬೇಕಾಗಿದೆ. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದವನು ನಾನು. ಪುಸ್ತಕವನ್ನು ಮತ್ತೆ ಮತ್ತೆ ಓದಬೇಡಿ, ಮುಚ್ಚಿಟ್ಟು ನೆನಪಿಸಿಕೊಳ್ಳಿ, ತಪ್ಪಾದರೂ ಚಿಂತೆಯಿಲ್ಲ, ಮೊದಲು ಪ್ರಯತ್ನಿಸಿ ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಇದಕ್ಕೆ ಸಂಶೋಧನೆಯ ಬಲವೂ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು, ಶೇ. 83ಕ್ಕೆ ಎದುರಾಗಿ ಶೇ. 71. ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇ. 40, ನೆನಪಿಸಿಕೊಂಡವರಲ್ಲಿ ಶೇ. 61. ಓದಿದವರಿಗೇ ತಮಗೆ ಚೆನ್ನಾಗಿ ಬರುತ್ತದೆ ಎಂಬ ವಿಶ್ವಾಸ ಹೆಚ್ಚಾಗಿತ್ತು ಎಂಬುದು ಇನ್ನೊಂದು ಸ್ವಾರಸ್ಯ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ಗೊತ್ತಿದೆ ಎಂದು ಮಲಗುವ ಮಕ್ಕಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಪುಸ್ತಕ ಕಣ್ಣ ಮುಂದಿದ್ದಾಗ ಗುರುತು ಹಿಡಿಯುವುದಷ್ಟೇ ಕೆಲಸ. ಮುಚ್ಚಿದ ಮೇಲೆ ಮೆದುಳು ತಾನೇ ದಾರಿ ಹುಡುಕಬೇಕು, ಹುಡುಕಿದಷ್ಟೂ ಆ ದಾರಿ ಸವೆದು ನಿಚ್ಚಳವಾಗುತ್ತದೆ. ಹೀಗಿರುವಾಗ "ಬಚ್ಚಲು ಎಲ್ಲಿದೆ ಹೇಳು ನೋಡೋಣ" ಎಂದು ಕೇಳುವುದೂ ನೆನಪಿಸಿಕೊಳ್ಳುವ ಅಭ್ಯಾಸವೇ ತಾನೇ? ಮಕ್ಕಳಿಗೆ ಒಳ್ಳೆಯದಾದದ್ದು ಈ ತಾಯಿಗೆ ಕೆಟ್ಟದ್ದಾಗುವುದು ಹೇಗೆ?

ಉತ್ತರ: ನರಮನೋವಿಜ್ಞಾನ ಪುನಶ್ಚೇತನದ ಕೆಲಸದಲ್ಲಿರುವವನು, ಬೆಂಗಳೂರು

ಹಾವೇರಿಯ ಮೇಷ್ಟರು ಎತ್ತಿರುವ ಪ್ರಶ್ನೆ ಈ ಇಡೀ ಚರ್ಚೆಯ ಕೀಲು ಎಂದು ನನ್ನ ಅಭಿಪ್ರಾಯ. ನಮ್ಮಲ್ಲಿಗೆ ಬರುವ ಕುಟುಂಬಗಳಲ್ಲಿ ಬಹುಪಾಲು ಇದೇ ಸ್ಥಳದಲ್ಲಿ ಎಡವುತ್ತವೆ, ಅದೂ ಅತ್ಯಂತ ಪ್ರೀತಿಯಿಂದಲೇ.

ನಿಮ್ಮ ವಿದ್ಯಾರ್ಥಿ ಒಂಬತ್ತೇಳು ಐವತ್ತಾರು ಎಂದು ಹೇಳುತ್ತಾನೆ, ನೀವು ಅರವತ್ತಮೂರು ಎಂದು ತಿದ್ದುತ್ತೀರಿ. ಅವನ ಮೆದುಳಿನಲ್ಲಿ ಅಲ್ಲಿಗೆ ಎರಡು ಸಂಗತಿಗಳು ದಾಖಲಾಗುತ್ತವೆ: ಸರಿ ಉತ್ತರ ಒಂದು, ಜೊತೆಗೆ "ಐವತ್ತಾರು ಎಂದು ಹೇಳಿ ತಪ್ಪಿದೆ, ಮೇಷ್ಟರು ತಿದ್ದಿದರು" ಎಂಬ ಘಟನೆ ಇನ್ನೊಂದು. ಮುಂದಿನ ಸಲ ಐವತ್ತಾರು ಎಂಬುದು ನಾಲಿಗೆಯ ತುದಿಗೆ ಬಂದರೂ ಆ ಘಟನೆಯ ನೆನಪು ಅದನ್ನು ತಡೆಯುತ್ತದೆ. ತಪ್ಪಿನಿಂದ ಪಾಠ ಕಲಿಯಬೇಕಾದರೆ ತಪ್ಪಿದ್ದು ನೆನಪಿರಬೇಕು. ಈ ತಾಯಿಯಲ್ಲಿ ಹಿತ್ತಿಲ ಕಡೆ ಕೈ ತೋರಿಸಿದ ಚಲನೆ, "ಹಿತ್ತಿಲು" ಎಂದು ಆಡಿದ ಮಾತು, ಇವು ರೂಢಿಯ ವ್ಯವಸ್ಥೆಯಲ್ಲಿ ಒಂದಿಷ್ಟು ಗುರುತು ಬಿಟ್ಟು ಹೋಗುತ್ತವೆ. ಅದರ ಹಿಂದೆಯೇ ಬಂದ ನಿಮ್ಮ ತಿದ್ದುಪಡಿ ಘಟನೆಯಾಗಿ ಉಳಿಯದೆ ಅಳಿಸಿಹೋಗುತ್ತದೆ. ದಿನಕ್ಕೆ ಹತ್ತು ಸಲ ಕೇಳಿದರೆ ದಿನಕ್ಕೆ ಹತ್ತು ಸಲ ತಪ್ಪು ಉತ್ತರದ ಅಭ್ಯಾಸವಾಯಿತು. ಮರುದಿನ ಇನ್ನಷ್ಟು ಖಚಿತವಾಗಿ ಕೈ ತೋರಿಸುತ್ತಾರೆ ಎಂದು ಸಹೋದರಿ ಬರೆದಿದ್ದಾರಲ್ಲ, ಅದಕ್ಕೆ ಕಾರಣ ಇದೇ.

ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಇದನ್ನು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪರೀಕ್ಷಿಸಿದರು. ತೀವ್ರ ಮರೆವಿರುವವರಿಗೆ ಪದಗಳನ್ನು ಎರಡು ರೀತಿಯಲ್ಲಿ ಕಲಿಸಿದರು. ಮೊದಲ ರೀತಿಯಲ್ಲಿ ಪದದ ಆರಂಭದ ಎರಡು ಅಕ್ಷರ ಕೊಟ್ಟು ಪೂರ್ತಿ ಪದವನ್ನು ಊಹಿಸಲು ಬಿಟ್ಟು, ಆಮೇಲೆ ಸರಿಯಾದುದನ್ನು ಹೇಳುತ್ತಿದ್ದರು. ಇನ್ನೊಂದು ರೀತಿಯಲ್ಲಿ ಊಹೆಗೆ ಎಡೆಯೇ ಕೊಡದೆ, "ಪದ ಇದು, ಬರೆದುಕೊಳ್ಳಿ" ಎನ್ನುತ್ತಿದ್ದರು. ಮರೆವಿರುವವರು ಎರಡನೆಯ ರೀತಿಯಲ್ಲಿ ಸ್ಪಷ್ಟವಾಗಿ ಹೆಚ್ಚು ಕಲಿತರು. ತಪ್ಪಿಗೆ ಅವಕಾಶ ಕೊಡದ ಈ ಕಲಿಕೆ ಇಂದು ಪುನಶ್ಚೇತನ ಚಿಕಿತ್ಸೆಯ ಮೂಲ ಪಾಠಗಳಲ್ಲಿ ಒಂದು. ನಿಮ್ಮ ಅತ್ತಿಗೆಯವರು ಯಾವ ತರಬೇತಿಯೂ ಇಲ್ಲದೆ ಮಾಡಿದ್ದು ಇದನ್ನೇ: ಬೆರಳು ಬೇರೆ ಗುಂಡಿಯ ಮೇಲೆ ಬೀಳುವುದಕ್ಕೇ ಬಿಡಲಿಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಈಗ ಬಚ್ಚಲಿಗೆ ಬರೋಣ. ಕೇಳುವುದನ್ನು ಇವತ್ತೇ ನಿಲ್ಲಿಸಿ. ಅವರು ಏಳುವ ಹೊತ್ತಿಗೆ ಯಾರಾದರೂ ಪಕ್ಕದಲ್ಲಿದ್ದು, ಅವರ ಕಾಲು ಹಿತ್ತಿಲ ಕಡೆ ತಿರುಗುವ ಮೊದಲೇ ತೋಳು ಹಿಡಿದು ಜಗುಲಿಯ ಕಡೆ ಕರೆದುಕೊಂಡು ಹೋಗಬೇಕು. ಹೋಗುವಾಗ "ಬಚ್ಚಲು ಜಗುಲಿಯ ಪಕ್ಕ" ಎಂದು ಪ್ರತಿಸಲವೂ ಅದೇ ಮಾತನ್ನು ಹೇಳಬೇಕು, ಅವರಿಂದಲೂ ಹೇಳಿಸಬೇಕು. ಹೊಸ ಬಚ್ಚಲಿನ ಬಾಗಿಲಿಗೆ ಎದ್ದು ಕಾಣುವ ಒಂದೇ ಬಣ್ಣ ಬಳಿದು, ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಹಿತ್ತಿಲ ಬಾಗಿಲನ್ನು ಸ್ವಲ್ಪ ಕಾಲ ಮುಚ್ಚಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ದಿನ ಕಳೆದಂತೆ ತೋಳಿನ ಹಿಡಿತವನ್ನು ಸಡಿಲಿಸುತ್ತಾ, ಮೊದಲು ಭುಜಕ್ಕೆ ಬರೀ ಕೈ ತಾಗಿಸುವುದು, ಆಮೇಲೆ ಒಂದು ಹೆಜ್ಜೆ ಮುಂದೆ ನಡೆಯುವುದು, ಹೀಗೆ ಸಹಾಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಎಲ್ಲಿ ಅವರು ಅನುಮಾನಿಸುತ್ತಾರೋ ಅಲ್ಲಿಗೆ ಒಂದು ಮೆಟ್ಟಿಲು ಹಿಂದೆ ಬರಬೇಕು. ಸುಳಿವನ್ನು ಹೀಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವ ಕ್ರಮದಿಂದ ಗ್ಲಿಸ್ಕಿ, ಶ್ಯಾಕ್ಟರ್ ಮತ್ತು ಟಲ್ವಿಂಗ್ ಎಂಬವರು 1980ರ ದಶಕದಲ್ಲೇ ಮರೆವಿರುವವರಿಗೆ ಕಂಪ್ಯೂಟರಿನ ಪದಗಳನ್ನು ಕಲಿಸಿ ತೋರಿಸಿದ್ದಾರೆ. ಹೆನ್ರಿ ಮೊಲೈಸನ್ ಸಹ ಶಸ್ತ್ರಚಿಕಿತ್ಸೆಯ ನಂತರ ವಾಸಕ್ಕೆ ಹೋದ ಮನೆಯಲ್ಲಿ ವರ್ಷಗಟ್ಟಲೆ ಓಡಾಡಿ, ಕೊನೆಗೆ ಆ ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆಯಬಲ್ಲವರಾದರು. ಆದ್ದರಿಂದ ಬಚ್ಚಲು ಅಸಾಧ್ಯವಲ್ಲ, ನಿಧಾನ.

ಮೇಷ್ಟರು ಹೇಳುವ ನೆನಪಿಸಿಕೊಳ್ಳುವ ಅಭ್ಯಾಸಕ್ಕೂ ಇದರಲ್ಲಿ ಸ್ಥಾನವಿದೆ, ಆದರೆ ಸೋಲಿಗೆ ಎಡೆಯಿಲ್ಲದಷ್ಟು ಹತ್ತಿರದ ಅಂತರದಲ್ಲಿ. "ಬಚ್ಚಲು ಜಗುಲಿಯ ಪಕ್ಕ" ಎಂದು ಹೇಳಿ, ಅರ್ಧ ನಿಮಿಷದೊಳಗೆ "ಬಚ್ಚಲು ಎಲ್ಲಿ?" ಎಂದು ಕೇಳಿ. ಸರಿ ಹೇಳಿದರೆ ಮುಂದಿನ ಅಂತರವನ್ನು ಒಂದು ನಿಮಿಷಕ್ಕೆ, ಆಮೇಲೆ ಎರಡಕ್ಕೆ, ನಾಲ್ಕಕ್ಕೆ ಹಿಗ್ಗಿಸುತ್ತಾ ಹೋಗಿ. ತಡವರಿಸಿದರೆ ಕಾಯದೆ ಉತ್ತರ ಹೇಳಿಕೊಟ್ಟು, ಅವರಿಂದ ಹೇಳಿಸಿ, ಹಿಂದೆ ಗೆದ್ದಿದ್ದ ಅಂತರಕ್ಕೆ ಮರಳಿ. ಲ್ಯಾಂಡೋವರ್ ಮತ್ತು ಬ್ಯೋರ್ಕ್ 1978ರಲ್ಲಿ ವಿವರಿಸಿದ ಈ ಹಿಗ್ಗುವ ಅಂತರದ ಕ್ರಮವನ್ನು ಕ್ಯಾಮರಾನ್ ಕ್ಯಾಂಪ್ ಎಂಬವರು ಡಿಮೆನ್ಶಿಯಾ ಇರುವವರಿಗೆ ಹೊಂದಿಸಿಕೊಂಡು ಬಹುಕಾಲ ಬಳಸಿದ್ದಾರೆ. ಮಕ್ಕಳಿಗೆ ಕಷ್ಟಪಟ್ಟು ನೆನಪಿಸಿಕೊಂಡದ್ದು ಹೆಚ್ಚು ಉಳಿಯುತ್ತದೆ. ಇಂಥವರಿಗೆ ಕಷ್ಟವಿಲ್ಲದೆ ಸರಿಯಾಗಿ ಹೇಳಿದ್ದು ಮಾತ್ರ ಉಳಿಯುತ್ತದೆ.

ಇನ್ನು "ನಾನು ಯಾರು ಹೇಳಿ" ಎಂಬ ನೆಂಟರ ಪರೀಕ್ಷೆ. ಇದರಿಂದ ಮೆದುಳಿಗೆ ವ್ಯಾಯಾಮವಾಗುವುದಿಲ್ಲ. ತಪ್ಪು ಹೆಸರಿನ ಅಭ್ಯಾಸವಾಗುತ್ತದೆ, ಜೊತೆಗೆ ಹತ್ತು ಜನರ ಎದುರು ನಾಚಿಕೆ. ಬಂದವರು ಹೊಸ್ತಿಲು ದಾಟುವಾಗಲೇ "ಅತ್ತೆ, ನಾನು ಸಿದ್ದಾಪುರದ ನಿಮ್ಮ ಅಣ್ಣನ ಮಗ" ಎಂದು ತಾವೇ ಹೇಳಿಕೊಳ್ಳಲಿ. ಮನೆಯವರು ಇದನ್ನು ಮೊದಲೇ ಫೋನಿನಲ್ಲಿ ತಿಳಿಸಿಬಿಟ್ಟರೆ ಯಾರಿಗೂ ಮುಜುಗರವಿರುವುದಿಲ್ಲ.

ಉತ್ತರ: ಕುಂದಾಪುರದ ಓದುಗ

ತಂದೆಯನ್ನು ಹೀಗೆಯೇ ನೋಡಿಕೊಂಡ ಅನುಭವದಿಂದ ಒಂದೇ ಮಾತು ಸೇರಿಸುತ್ತೇನೆ. "ಹೇಗೂ ಮರೆತುಹೋಗುತ್ತದೆ" ಎಂದು ಅವರ ಎದುರು ಯಾರೂ ಸಿಡುಕಬಾರದು. ಸಿಡುಕಿದ್ದು ಮರೆತುಹೋಗುತ್ತದೆ, ಬೇಸರ ಹೋಗುವುದಿಲ್ಲ. ಇದನ್ನು ಮನೆಯಲ್ಲಿ ಕಂಡಿದ್ದೆ. ಆಮೇಲೆ ಓದಿದಾಗ ಅಯೋವಾ ವಿಶ್ವವಿದ್ಯಾಲಯದ ಫೈನ್‌ಸ್ಟೈನ್, ಡಫ್ ಮತ್ತು ಟ್ರಾನೆಲ್ 2010ರಲ್ಲಿ ಇದನ್ನೇ ಪ್ರಕಟಿಸಿರುವುದು ತಿಳಿಯಿತು. ಹಿಪೊಕ್ಯಾಂಪಸ್ ಹಾನಿಗೊಂಡವರಿಗೆ ದುಃಖದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ತುಣುಕುಗಳ ವಿವರ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ, ದುಃಖ ಮಾತ್ರ ಉಳಿದಿತ್ತು. ಸಂತೋಷದ ತುಣುಕುಗಳಿಗೂ ಹೀಗೆಯೇ ಆಯಿತು.

ಜಿನೀವಾದ ವೈದ್ಯ ಕ್ಲಾಪರೇಡ್ 1911ರಲ್ಲೇ ಇದರ ಹತ್ತಿರದ ಸಂಗತಿಯೊಂದನ್ನು ಬರೆದಿಟ್ಟಿದ್ದಾರೆ. ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಮರೆವಿನ ರೋಗಿಯೊಬ್ಬರ ಕೈ ಕುಲುಕಿದರಂತೆ. ಆಮೇಲೆ ಆಕೆಗೆ ಚುಚ್ಚಿದ್ದೂ ನೆನಪಿಲ್ಲ, ವೈದ್ಯರ ಗುರುತೂ ಇಲ್ಲ, ಆದರೂ ಕೈ ಕೊಡಲು ಒಪ್ಪಲಿಲ್ಲ. ಇಂದಿನ ಯಾವ ನೀತಿ ಸಮಿತಿಯೂ ಇಂಥ ಪ್ರಯೋಗಕ್ಕೆ ಅನುಮತಿ ಕೊಡಲಾರದು, ಕೊಡಲೂ ಬಾರದು. ಆದರೆ ಅಮ್ಮ ಯಾವುದೋ ಒಬ್ಬರನ್ನು ಕಂಡರೆ ಕಾರಣವಿಲ್ಲದೆ ಒಳಗೆ ಹೋಗಿಬಿಡುತ್ತಾರೆ ಎಂದಾದರೆ, ಕಾರಣವನ್ನು ಮನೆಯವರೇ ಹುಡುಕಬೇಕು.

ಮರುಪ್ರಶ್ನೆ: ಶಿರಸಿ ಸೀಮೆಯ ಮಗಳು

ಎಲ್ಲರಿಗೂ ಕೃತಜ್ಞತೆಗಳು. ಬಚ್ಚಲಿನ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದೇವೆ. ಅಣ್ಣನಿಗೆ ಮಾತ್ರ ಅಭ್ಯಾಸ ಬಿಡುವುದು ಅಮ್ಮನಿಗಿಂತ ಕಷ್ಟವಾಗುತ್ತಿದೆ.

ಇನ್ನೊಂದು ವಿಷಯ ಕೇಳುವುದಿದೆ. ಹೊಸದು ಉಳಿಯುವುದಿಲ್ಲ ಎಂಬುದು ಅರ್ಥವಾಯಿತು. ಆದರೆ ಕಾಯಿಲೆಗೆ ಮೊದಲೇ ನಡೆದದ್ದು ಏಕೆ ಹೋಗಬೇಕು? ತಮ್ಮ ಮದುವೆಯಲ್ಲಿ ಬಡಿಸಿದ ಅಡುಗೆಯನ್ನೆಲ್ಲ ಹೇಳುತ್ತಾರೆ, ನಾನು ಹುಟ್ಟಿದ ದಿನದ ಮಳೆಯನ್ನು ವರ್ಣಿಸುತ್ತಾರೆ. ಕಾಯಿಲೆಗೆ ಹಿಂದಿನ ವರ್ಷ ಸ್ವತಃ ಓಡಾಡಿ ಮಾಡಿಸಿದ ಮೊಮ್ಮಗನ ಉಪನಯನ ಮಾತ್ರ ಪೂರ್ತಿ ಅಳಿಸಿಹೋಗಿದೆ. ಫೋಟೋ ತೋರಿಸಿದರೆ ಬೇರೆಯವರ ಮನೆಯ ಕಾರ್ಯವನ್ನು ನೋಡುವಂತೆ ನೋಡುತ್ತಾರೆ.

ಉತ್ತರ: ಮನೋವಿಜ್ಞಾನ ಉಪನ್ಯಾಸಕಿ, ಧಾರವಾಡ

ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಯತನಕ ನಿಲ್ಲುತ್ತದೆ ಎಂಬುದನ್ನು ಫ್ರಾನ್ಸಿನ ತೆಯೊದ್ಯೂಲ್ ರಿಬೋ 1880ರ ದಶಕದಲ್ಲೇ ಗುರುತಿಸಿ ನಿಯಮವಾಗಿ ಹೇಳಿದ್ದರು. ಹೆನ್ರಿಯವರಲ್ಲೂ ಶಸ್ತ್ರಚಿಕಿತ್ಸೆಗೆ ಹಿಂದಿನ ಕೆಲವು ವರ್ಷಗಳ ನೆನಪು ಮಸುಕಾಗಿತ್ತು.

ನೆನಪು ಆಗಿಬಿಟ್ಟ ಕ್ಷಣದಲ್ಲೇ ಗಟ್ಟಿಯಾಗುವುದಿಲ್ಲ. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್ ಎಂಬ ಸಂದಿಯಲ್ಲಿ ಸಂಪರ್ಕ ಬಲಗೊಳ್ಳುವುದೇ ಅದರ ಮೊದಲ ಹೆಜ್ಜೆ ಎಂಬುದು ಇಂದಿನ ತಿಳಿವಳಿಕೆ. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ ಅವರು ಮೊಲದ ಹಿಪೊಕ್ಯಾಂಪಸ್ಸಿಗೆ ಹೋಗುವ ನರತಂತುಗಳನ್ನು ವಿದ್ಯುತ್ತಿನಿಂದ ಅತಿ ವೇಗವಾಗಿ, ಸ್ವಲ್ಪವೇ ಹೊತ್ತು ಉದ್ದೀಪಿಸಿದಾಗ, ಅಲ್ಲಿನ ಸಂಪರ್ಕಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿದವು. ಎರಿಕ್ ಕ್ಯಾಂಡಲ್ ಅವರು ಅಪ್ಲೀಸಿಯಾ ಎಂಬ, ಬಸವನಹುಳುವಿನ ಜಾತಿಯ ಕಡಲ ಜೀವಿಯನ್ನಿಟ್ಟುಕೊಂಡು, ಅಲ್ಪಕಾಲದ ನೆನಪಿಗೆ ಇರುವ ಪ್ರೋಟೀನುಗಳ ಮಾರ್ಪಾಡು ಸಾಕು, ದೀರ್ಘಕಾಲದ ನೆನಪಿಗೆ ಜೀನುಗಳು ಚಾಲೂ ಆಗಿ ಹೊಸ ಪ್ರೋಟೀನು ತಯಾರಾಗಬೇಕು, ಹೊಸ ಸಂದಿಗಳೇ ಬೆಳೆಯಬೇಕು ಎಂದು ತೋರಿಸಿದರು. 2000ದಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಇದು ಗಂಟೆಗಳ ಮತ್ತು ದಿನಗಳ ಲೆಕ್ಕ. ಉಪನಯನದಂಥ ದೊಡ್ಡ ಘಟನೆಯ ಲೆಕ್ಕ ವರ್ಷಗಳದ್ದು. ಮಂತ್ರದ ಸದ್ದು ಒಂದು ಕಡೆ, ಹೋಮದ ಹೊಗೆಯ ವಾಸನೆ ಇನ್ನೊಂದು ಕಡೆ, ವಟುವಿನ ಮುಖ ಮತ್ತೊಂದು ಕಡೆ ಎಂದು ಮೆದುಳಿನ ಹೊರಪದರದ ಬೇರೆಬೇರೆ ಭಾಗಗಳಲ್ಲಿ ದಾಖಲಾಗುತ್ತವೆ. ಇವುಗಳನ್ನು ಒಟ್ಟಿಗೆ ಎಬ್ಬಿಸುವ ಸೂತ್ರ ಆರಂಭದಲ್ಲಿ ಹಿಪೊಕ್ಯಾಂಪಸ್ಸಿನಲ್ಲಿರುತ್ತದೆ. ಆ ಘಟನೆಯನ್ನು ಮತ್ತೆ ಮತ್ತೆ ನೆನೆದಾಗ, ಮಾತನಾಡಿಕೊಂಡಾಗ, ನಿದ್ರೆಯಲ್ಲಿ ಮೆದುಳು ತಾನಾಗಿ ಅದನ್ನು ಮರುನಡೆಸಿದಾಗ, ಹೊರಪದರದ ಆ ಭಾಗಗಳ ನಡುವೆ ನೇರ ಸಂಪರ್ಕ ಬೆಳೆಯುತ್ತದೆ. ನಿದ್ರೆಯ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ: ಎಚ್ಚರದಲ್ಲಿ ಓಡಾಡುವಾಗ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಆಮೇಲೆ ನಿದ್ರೆಯಲ್ಲೂ ಒಟ್ಟಿಗೆ ಮಿಡಿಯುತ್ತವೆ ಎಂಬುದನ್ನು ಮ್ಯಾಥ್ಯೂ ವಿಲ್ಸನ್ ಮತ್ತು ಮ್ಯಾಕ್‌ನಾಟನ್ 1994ರಲ್ಲಿ ದಾಖಲಿಸಿದ್ದಾರೆ. ನಿಮ್ಮ ತಾಯಿಯವರು ತಮ್ಮ ಮದುವೆಯ ಅಡುಗೆಯನ್ನು ನಲವತ್ತು ವರ್ಷಗಳಲ್ಲಿ ಎಷ್ಟು ಸಲ ಹೇಳಿರಬಹುದು ಎಂದು ಯೋಚಿಸಿ ನೋಡಿ. ಮೊಮ್ಮಗನ ಉಪನಯನಕ್ಕೆ ಆ ಅವಕಾಶ ಸಿಗುವ ಮೊದಲೇ ವೈರಸ್ಸು ಬಂತು.

ವಿದ್ವಾಂಸರಲ್ಲಿ ಇದರ ಬಗ್ಗೆ ಒಂದು ತಕರಾರಿದೆ, ಮುಚ್ಚಿಡಬಾರದು. ಎಷ್ಟು ಹಳೆಯದಾದರೂ ಘಟನೆಯನ್ನು ಕಣ್ಣಿಗೆ ಕಟ್ಟುವಂತೆ ಮರುಕಳಿಸಲು ಹಿಪೊಕ್ಯಾಂಪಸ್ ಬೇಕೇ ಬೇಕು, ಅದಿಲ್ಲದವರಲ್ಲಿ ಉಳಿಯುವುದು ಹೇಳಿ ಹೇಳಿ ಕಥೆಯಾಗಿಬಿಟ್ಟ ನೆನಪು ಮಾತ್ರ ಎಂದು ಲಿನ್ ನಾಡೆಲ್ ಮತ್ತು ಮಾರಿಸ್ ಮಾಸ್ಕೊವಿಚ್ 1997ರಿಂದ ವಾದಿಸುತ್ತಾ ಬಂದಿದ್ದಾರೆ. ನನಗೆ ಅವರ ವಾದದ ಕಡೆ ಒಲವು. ನೀವು ಹುಟ್ಟಿದ ದಿನದ ಮಳೆಯನ್ನು ಅವರು ಪ್ರತಿಸಲವೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ ವರ್ಣಿಸುತ್ತಾರೆಯೇ, ನಡುವೆ ಹೊಸ ಪ್ರಶ್ನೆ ಕೇಳಿದರೆ ಹೊಸ ವಿವರ ಬರುತ್ತದೆಯೇ ಎಂಬುದನ್ನು ಗಮನಿಸಿ. ಪರೀಕ್ಷೆಯಂತೆ ಮಾಡಬೇಡಿ, ಮಾತಿನ ನಡುವೆ ಕೇಳಿ ಬಿಟ್ಟುಬಿಡಿ.

ಉಪನಯನದ ಫೋಟೋಗಳಿಗೆ ಕೆಳಗೆ ಯಾರು, ಎಲ್ಲಿ, ಯಾವಾಗ ಎಂದು ಬರೆದಿಟ್ಟು, "ನೆನಪಿದೆಯೇ?" ಎಂದು ಕೇಳದೆ ಕಥೆ ಹೇಳುವಂತೆ ತೋರಿಸಿ. ಅನುಭವವಾಗಿ ಅದು ಮರಳದೆ ಇರಬಹುದು. "ನನ್ನ ಮೊಮ್ಮಗನಿಗೆ ಉಪನಯನವಾಗಿದೆ" ಎಂಬ ತಿಳಿವಳಿಕೆಯಾಗಿ ನಿಧಾನಕ್ಕೆ ನಿಲ್ಲುವ ಸಾಧ್ಯತೆ ಇದೆ.

ಉತ್ತರ: ನರಮನೋವಿಜ್ಞಾನ ಪುನಶ್ಚೇತನದ ಕೆಲಸದಲ್ಲಿರುವವನು, ಬೆಂಗಳೂರು

ಟಾನಿಕ್ಕಿನ ಪ್ರಶ್ನೆ ಉಳಿದುಹೋಗಿತ್ತು. ನಾಶವಾದ ಹಿಪೊಕ್ಯಾಂಪಸ್ಸನ್ನು ಮರಳಿ ಬೆಳೆಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಎನ್ಸೆಫಲೈಟಿಸ್ ಆದವರಲ್ಲಿ ಆಮೇಲೆ ಅಪಸ್ಮಾರ ಬರುವುದುಂಟು, ಅದಕ್ಕೆ ಮಾತ್ರೆ ನಡೆಯುತ್ತಿದ್ದರೆ ಗಿಡಮೂಲಿಕೆಯದಾದರೂ ಸರಿ, ನರರೋಗ ತಜ್ಞರನ್ನು ಕೇಳದೆ ಬೇರೇನನ್ನೂ ಸೇರಿಸಬೇಡಿ. ಆ ಹಣಕ್ಕೆ ಒಂದು ಗೋಡೆ ಹಲಗೆ, ದೊಡ್ಡ ಅಕ್ಷರದ ಕ್ಯಾಲೆಂಡರು, ಸದಾ ಒಂದೇ ಜಾಗದಲ್ಲಿರುವ ಒಂದು ದಿನಚರಿ ಪುಸ್ತಕ ಕೊಳ್ಳಿ. ಊಟವಾದ ಕೂಡಲೇ ಪುಸ್ತಕ ತೆರೆದು "ಊಟವಾಯಿತು" ಎಂದು ಅವರ ಕೈಯಿಂದಲೇ ಬರೆಸಿ; ಪುಸ್ತಕ ತೆರೆಯುವುದೂ ಬೆರಳಿನ ರೂಢಿಯೇ ಆದ್ದರಿಂದ ಒಲೆಯಂತೆಯೇ ಅದೂ ಬರುತ್ತದೆ. ಹತ್ತಿರದಲ್ಲಿ ಸೌಲಭ್ಯವಿಲ್ಲದಿದ್ದರೆ ಒಮ್ಮೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತಂದು ನರಮನೋವಿಜ್ಞಾನದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಏನು ಹೋಗಿದೆ ಎಂಬುದಕ್ಕಿಂತ ಏನು ಉಳಿದಿದೆ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಹೀಗೆ ಕಲಿತದ್ದಕ್ಕೆ ಬಾಗುವ ಗುಣ ಕಡಿಮೆ. ಯಾವ ವಸ್ತುವಿನ ಮೇಲೆ, ಯಾವ ಜಾಗದಲ್ಲಿ ಕಲಿತರೋ ಅಲ್ಲಿಗೇ ಅದು ಅಂಟಿಕೊಂಡಿರುತ್ತದೆ. ಆ ಇಂಡಕ್ಷನ್ ಒಲೆ ಈಗ ಇರುವ ಕಟ್ಟೆಯ ಮೇಲೇ ಇರಲಿ, ಅಡುಗೆಮನೆಯನ್ನು ಹೊಸದಾಗಿ ಜೋಡಿಸುವ ಯೋಚನೆಯಿದ್ದರೆ ಮುಂದೂಡಿ. ಒಲೆ ಕೆಟ್ಟರೆ ಅದೇ ಕಂಪನಿಯ ಅದೇ ಮಾದರಿ ಸಿಗದೆ ಹೋಗಬಹುದು, ಸಾಧ್ಯವಾದರೆ ಈಗಲೇ ಇನ್ನೊಂದನ್ನು ತಂದು ಅಟ್ಟದ ಮೇಲಿಡಿ. ಗುಂಡಿಗಳ ಸ್ಥಾನ ಬದಲಾದ ಹೊಸ ಮಾದರಿ ಬಂದರೆ ಅತ್ತಿಗೆಯವರು ಮತ್ತೆ ಮೊದಲ ದಿನದಿಂದ, ಬೆರಳು ಹಿಡಿದು ಆರಂಭಿಸಬೇಕಾಗುತ್ತದೆ. ಹಳೆಯ ರೂಢಿ ಅಡ್ಡ ಬರುವುದರಿಂದ ಮೊದಲಿಗಿಂತ ಹೆಚ್ಚು ದಿನವೂ ಹಿಡಿಯಬಹುದು. ಗ್ಯಾಸ್ ಒಲೆಯ ರೆಗ್ಯುಲೇಟರನ್ನು ಮಾತ್ರ ಬೇರೆ ಯಾರೂ ಅಡುಗೆಮನೆಯಲ್ಲಿ ಇಲ್ಲದಾಗ ತೆಗೆದಿಡಿ, ಏಕೆಂದರೆ ಐವತ್ತು ವರ್ಷದ ಕೈ ಅದನ್ನು ಹಚ್ಚುವುದನ್ನು ಮರೆತಿರುವುದಿಲ್ಲ, ಹಚ್ಚಿದ್ದು ನೆನಪಿರುವುದಿಲ್ಲ.